ಬಾಯ್ಲರ್ ಮನೆಗೆ ಬಂದ ಕುರ್ಚಿ

ದೊಡ್ಡ ಕಂಪನಿಯಲ್ಲಿ ನಗುವಂಥ ಸಂಗತಿಗಳಿಗೆ ಬರವೇ ಇಲ್ಲ. ದೇವಸ್ಥಾನದ ಬಾಗಿಲ ಗಂಟೆಯ ಹಾಗೆ, ದಿನಕ್ಕೊಬ್ಬರಾದರೂ ಬಂದು ಬಾರಿಸಿ ಹೋಗುತ್ತಾರೆ. ಕೇಳಿಸಿಕೊಳ್ಳುವ ಕಿವಿ ಇರಬೇಕು, ಅಷ್ಟೆ.

ನಾನು ಹಾಸನದ ಹೊರಗೆ ಒಂದು ದೊಡ್ಡ ಗಾರ್ಮೆಂಟ್ಸ್ ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತ. ಊರು ಹೊಳೆನರಸೀಪುರ. ನಮ್ಮದು ಅರ್ಚಕರ ಮನೆತನ. ಅಣ್ಣ ದೇವರ ಹತ್ತಿರ ಉಳಿದ. ನಾನು ದಾರ, ಗುಂಡಿ, ಜಿಪ್ಪುಗಳ ಹತ್ತಿರ ಬಂದೆ. ಆದರೂ ಬೆಳಿಗ್ಗೆ ಸ್ನಾನ, ನಾಮ, ದೇವರಿಗೆ ಎರಡು ತುಳಸಿದಳ, ಆಮೇಲೆಯೇ ಕಂಪನಿ ಬಸ್ಸು. ಹಣೆ ನೋಡಿ ಕಾರ್ಖಾನೆಯವರೆಲ್ಲ ನನ್ನನ್ನು "ಐನೋರೆ" ಎನ್ನುತ್ತಾರೆ. ಐನೋರು ಎಂದ ಮೇಲೆ ಎಲ್ಲದಕ್ಕೂ ಉತ್ತರ ಗೊತ್ತಿರಬೇಕು ಎಂಬುದು ಅವರ ನಂಬಿಕೆ. ಹಾಗಾಗಿ ವರ್ಷಕ್ಕೊಮ್ಮೆ, ಬಡ್ತಿಯ ಪಟ್ಟಿ ಬೋರ್ಡಿಗೆ ಬಿದ್ದ ದಿನ, ಯಾರಾದರೊಬ್ಬರು ಸ್ಟೋರ್ಸಿನ ಕಿಟಕಿಗೆ ತಲೆ ಹಾಕಿ ಕೇಳುತ್ತಾರೆ: "ಐನೋರೆ, ನಿಯತ್ತಾಗಿ ದುಡಿದ್ರೆ ಇಲ್ಲಿ ಬೆಲೆ ಸಿಗ್ತದಾ?"

ನಾನು ಮೊದಲೆಲ್ಲ ತಟ್ಟನೆ "ಸಿಗುತ್ತಪ್ಪ, ದೇವರಿದ್ದಾನೆ" ಎನ್ನುತ್ತಿದ್ದೆ. ಈಗ ಸ್ವಲ್ಪ ಯೋಚಿಸಿ, ಆಮೇಲೆ ಅದನ್ನೇ ಹೇಳುತ್ತೇನೆ. ಆ ಯೋಚನೆ ಹತ್ತಿಸಿದವರು ನಮ್ಮ ಬಾಯ್ಲರ್ ಗೌಡರು.

೧. ಮೂರು ಸಾಧನೆ

ಗೌಡರು ಅರಕಲಗೂಡು ತಾಲ್ಲೂಕಿನ ಮಲ್ಲಿಪಟ್ಟಣದ ಕಡೆಯವರು. ಕಾರ್ಖಾನೆಯ ಹಿಂಭಾಗದ ಬಾಯ್ಲರ್ ಮನೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಕೆಲಸ. ಬಾಯ್ಲರು ನೀರು ಕಾಯಿಸಿ ಹಬೆ ಕೊಡಬೇಕು, ಆ ಹಬೆಯಲ್ಲಿ ಇನ್ನೂರು ಜನ ಹೆಣ್ಣುಮಕ್ಕಳು ಅಂಗಿ ಇಸ್ತ್ರಿ ಮಾಡಬೇಕು. ಹಬೆ ನಿಂತರೆ ಇಸ್ತ್ರಿ ನಿಂತಿತು, ಇಸ್ತ್ರಿ ನಿಂತರೆ ಲಾರಿ ನಿಂತಿತು. ಇಪ್ಪತ್ತೆರಡು ವರ್ಷದಲ್ಲಿ ಹಬೆ ಒಂದು ದಿನವೂ ನಿಂತಿರಲಿಲ್ಲ.

ಗೌಡರೂ ಒಂದು ದಿನವೂ ಕುರ್ಚಿಯಲ್ಲಿ ಕೂತಿರಲಿಲ್ಲ. ನಮ್ಮಲ್ಲಿ ಒಂದು ನಿಯಮ: ಕುರ್ಚಿ ಸೀನಿಯರ್ ಗ್ರೇಡಿನವರಿಗೆ ಮಾತ್ರ. ಅದಕ್ಕಿಂತ ಕೆಳಗಿನವರು ಕೂತರೆ ನಿದ್ದೆ ಬರುತ್ತದಂತೆ, ಸೀನಿಯರ್ ಆದವರಿಗೆ ಬರುವುದಿಲ್ಲವಂತೆ. ಗೌಡರು ಹಳೆಯ ಎಣ್ಣೆ ಡಬ್ಬ ಒಂದನ್ನು ಬೋರಲು ಹಾಕಿ ಅದರ ಮೇಲೆ ಕೂರುತ್ತಿದ್ದರು. ಹೋದ ವರ್ಷ ಸೇಫ್ಟಿಯವರು ಬಂದು "ಇದು ಅಪಾಯ" ಎಂದು ಡಬ್ಬವನ್ನೂ ಹೊತ್ತುಕೊಂಡು ಹೋದರು. ನಿವೃತ್ತಿಗೆ ಇನ್ನು ಹತ್ತು ತಿಂಗಳು. ಮಂಡಿ ಊದಿಕೊಂಡು ಬಾಗುತ್ತಿರಲಿಲ್ಲ. ಡಾಕ್ಟರು "ಆಗಾಗ ಕೂತ್ಕೊಳ್ಳಿ" ಎಂದು ಚೀಟಿಯಲ್ಲೇ ಬರೆದುಕೊಟ್ಟಿದ್ದರು. ಸೀನಿಯರ್ ಆಗದೆ ಕುರ್ಚಿ ಇಲ್ಲ. ಬಡ್ತಿಯ ಫಾರಂ ತುಂಬದೆ ಸೀನಿಯರ್ ಆಗುವಂತಿಲ್ಲ. ಹಾಗಾಗಿ ಫಾರಂ ಹಿಡಿದು ನನ್ನ ಹತ್ತಿರ ಬಂದರು. ಇಂಗ್ಲಿಷ್ ಫಾರಂಗಳನ್ನೆಲ್ಲ ತುಂಬುವವನು ನಾನೇ.

"ಗೌಡ್ರೆ, ಈ ವರ್ಷ ನೀವು ಮಾಡಿದ ಸಾಧನೆ ಏನು ಅಂತ ಕೇಳಿದ್ದಾರೆ."

ಗೌಡರು ಬೆರಳು ಮಡಚಿ ಎಣಿಸಲು ಹೋಗಿ ಬಿಟ್ಟರು. "ಏನೂ ಆಗ್ನಿಲ್ಲ ಅಂತ ಬರೀರಿ."

"ಹಾಗೆ ಬರೆದರೆ ಹೇಗೆ?"

"ಬಾಯ್ಲರ್ನಾಗೆ ಏನಾರ ಆಗದು ಅಂದ್ರೆ ಏನ್ ಗೊತ್ತಾ ಐನೋರೆ? ಚಾವಣಿ ಸಿಡ್ದು ಈ ಕಡೆ ಆಸ್ನಕ್ಕೋಯ್ತದೆ, ನಾನು ಆ ಕಡೆ ಅಳ್ಳಿ ಮೈಸೂರಿಗೋಯ್ತೀನಿ. ಏನೂ ಆಗ್ನಿಲ್ಲ, ಅದೇ ಸಾದ್ನೆ."

ಮಾತು ನಿಜ. ಆದರೆ ಫಾರಂ ಒಪ್ಪಬೇಕಲ್ಲ. "ಗೌಡ್ರೆ, ಒಂದಲ್ಲ, ಮೂರು ಸಾಧನೆ ಬರೀಬೇಕಂತೆ."

"ಅಂಗಾರೆ ಮೂರ್ ಸಲ ಬರೀರಿ."

ನಾನು ಬರೆದೆ. ತಿಂಗಳ ಮೇಲೆ ಫಲಿತಾಂಶ ಬಂತು: "ಸುಧಾರಣೆ ಅಗತ್ಯ." ಓದಿ ಹೇಳಿದೆ. ಗೌಡರು ಬೇಸರಪಡಲಿಲ್ಲ. ಸ್ವಲ್ಪ ಗಾಬರಿಯಾದರು.

"ಸುದಾರ್ಣೆ ಅಂದ್ರೆ, ಏನಾರ ಆಗ್ಬೇಕು ಅಂತಾರಾ ಐನೋರೆ?"

೨. ತಿಂಗಳ ತಾರೆ

ಬಾಯ್ಲರ್ ಮನೆಯ ಪಕ್ಕದಲ್ಲೇ ಜನರೇಟರ್ ಮನೆ. ಅದನ್ನು ನೋಡಿಕೊಳ್ಳುವವನು ಒಳ್ಳೆಯ ಹುಡುಗಾಟದ ಮನುಷ್ಯ, ಮನಸ್ಸಿನಲ್ಲಿ ಕಪಟವಿಲ್ಲ. ಆದರೆ ಅವನ ಜನರೇಟರು, ಕರೆಂಟು ಹೋದಾಗ ತಾನೂ ಸ್ವಲ್ಪ ಹೊತ್ತು ಹೋಗಿ ಬರುವ ಜಾತಿಯದು. ಕರೆಂಟು ಹೋದ ತಕ್ಷಣ ಸಾವಿರ ಮಿಷನ್ನು ನಿಲ್ಲುತ್ತವೆ. ಇವನು ಸ್ಪ್ಯಾನರ್ ಹಿಡಿದು ಫ್ಲೋರಿನ ನಡುವೆಯೇ ಓಡುತ್ತಾನೆ. ಮುಖಕ್ಕೆ ಗ್ರೀಸು, ಅಂಗಿಗೆ ಬೆವರು. ಕಾಲು ಗಂಟೆಯಲ್ಲಿ ದೀಪ ಬರುತ್ತದೆ, ಎಲ್ಲರೂ ಚಪ್ಪಾಳೆ ತಟ್ಟುತ್ತಾರೆ.

ನೌಕರರ ವ್ಯವಹಾರವೆಲ್ಲ ನೋಡುವ ಎಚ್ಚಾರ್ ಸಾಹೇಬರು ಅವನಿಗೆ "ತಿಂಗಳ ತಾರೆ" ಪ್ರಶಸ್ತಿ ಕೊಟ್ಟು ಕ್ಯಾಂಟೀನಿನ ಗೋಡೆಗೆ ಫೋಟೊ ಹಾಕಿಸಿದರು. ಒಂದೇ ವರ್ಷದಲ್ಲಿ ಮೂರು ಸಲ. ಗ್ರೇಡೂ ಸಿಕ್ಕಿತು, ಕುರ್ಚಿಯೂ ಸಿಕ್ಕಿತು. ಗೋಡೆಯ ಮುಂದೆ ನಿಂತು ಗೌಡರು ಆ ಫೋಟೊವನ್ನು ನೋಡುತ್ತಿದ್ದರು. ಜನರೇಟರಿನವನಿಗೇ ಪಾಪ ಅನ್ನಿಸಿತು.

"ಗೌಡಣ್ಣ, ಒಂದ್ ಮಾತ್ ಏಳ್ತೀನಿ ಕೇಳು. ಒಂದೇ ಒಂದ್ಸಲ ಸ್ಟೀಮ್ ನಿಲ್ಸು. ಅತ್ತು ನಿಮಿಷ ಸಾಕು. ಆಮೇಲೆ ಆ ಕಡೆಯಿಂದ ಈ ಕಡೆಗೆ ನಾಕ್ ಸಲ ಓಡು, ತಲೆ ಮೇಲೆ ಒಂದ್ ಚೊಂಬು ನೀರ್ ಉಯ್ಕೊ, ವಾಲ್ವ್ ತಿರುಗ್ಸು. ನಿನ್ ಫೋಟ ಇಲ್ಲಿ ಬರ್ದಿದ್ರೆ ನನ್ನ ಕೇಳು."

"ಮಂಡಿ ನೋವು ಕಣ್ಲಾ, ಓಡಕ್ಕಾಗಲ್ಲ."

"ಕುಂಟ್ಕೊಂಡ್ ಓಡು. ಇನ್ನೂ ಚೆನ್ನಾಗಿ ಕಾಣ್ತದೆ."

ಈ ಸಲಹೆ ಗೌಡರ ತಲೆಯಲ್ಲಿ ಎರಡು ದಿನ ಕೊರೆಯಿತು. ಮೂರನೆಯ ದಿನ ಮಧ್ಯಾಹ್ನ ನನ್ನ ಕಿಟಕಿಗೆ ಬಂದರು. ಮುಖ ಸಣ್ಣದಾಗಿತ್ತು.

"ವಾಲ್ವ್ ಮೇಲೆ ಕೈ ಇಟ್ಬುಟ್ಟಿದ್ದೆ ಐನೋರೆ."

ನಾನು ರಿಜಿಸ್ಟರ್ ಮುಚ್ಚಿದೆ. "ಆಮೇಲೆ?"

"ಇಸ್ತ್ರಿ ಎಣ್ಮಕ್ಳು ನೆಪ್ಪಾದ್ರು. ಅತ್ತು ನಿಮಿಷ ನಿಂತ್ರೆ ಸಂಜೆ ಅರ್ದ ಗಂಟೆ ಕೂರುಸ್ಕತಾರೆ, ಬಸ್ ತಪ್ಪೋಯ್ತದೆ. ಕೈ ತಗ್ದೆ."

"ದೇವರು ನಿಮ್ಮ ಕೈ ಹಿಡಿದ ಗೌಡ್ರೆ."

"ಅದೂ ಸರಿಯೆ. ಇನ್ನೊಂದು ಐತೆ," ಎಂದು ಅವರು ದನಿ ತಗ್ಗಿಸಿದರು. "ಎಚ್ಚಾರ್ ಸಾಯೇಬ್ರಿಗೆ ಬೇಕಾರೆ ಸುಳ್ಳೇಳ್ಬೋದು. ಬಾಯ್ಲರ್ಗೆ ಎಂಗ್ ಏಳದು? ಅದು ನನ್ ನಂಬ್ಕೊಂಡೈತೆ."

೩. ಕಣ್ಣಿಗೆ ಬೀಳದವರು

ಇದು ಗೌಡರ ವಿಷಯವಲ್ಲ, ಆದರೆ ಅದೇ ವಾರದ್ದು. ಚನ್ನರಾಯಪಟ್ಟಣದ ಕಡೆಯಿಂದ ಬರುವ ಒಬ್ಬಳು ಹೆಣ್ಣುಮಗಳು ಕಾಲರ್ ಹೊಲಿಯುತ್ತಾಳೆ. ಅವಳ ಕೈ ಓಡುವುದನ್ನು ನೋಡಬೇಕು. ಒಂದು ದಿನ ತನ್ನ ಪಾಲಿನದನ್ನು ಅರ್ಧ ಗಂಟೆ ಮೊದಲೇ ಮುಗಿಸಿ ಕೈ ಕಟ್ಟಿ ಕೂತಳು. ಸೂಪರ್‌ವೈಸರ್ ಬಂದು "ವೆರಿ ಗುಡ್" ಎಂದು, ಪಕ್ಕದವಳ ಬಾಕಿ ಕಾಲರ್ ಕಟ್ಟನ್ನು ಎತ್ತಿ ಇವಳ ಮುಂದೆ ಇಟ್ಟ. ಮಾರನೆಯ ದಿನದಿಂದ ಅದೂ ಇವಳ ಪಾಲೇ ಆಯಿತು.

ಕ್ಯಾಂಟೀನಿನಲ್ಲಿ ಮಜ್ಜಿಗೆ ಹಿಡಿದು ನನ್ನೆದುರು ಕೂತು ಕೇಳಿದಳು: "ಐನೋರೆ, ಬೇಗ ಕಾಲರ್ ಒಲಿದಿದ್ದಕ್ಕೆ ಬಹುಮಾನ ಇನ್ನಷ್ಟು ಕಾಲರ್ ಒಲಿಯದಾ? ದೇವಸ್ಥಾನದಲ್ಲೂ ಇಂಗೇನಾ?"

ಸುಳ್ಳು ಹೇಳಲು ಬಾರದ ಬಾಯಿ ನನ್ನದು. ನಮ್ಮಣ್ಣ ಎಂದೂ ಪೂಜೆ ತಪ್ಪಿಸಿದವನಲ್ಲ, ಹೊತ್ತಿಗೆ ಸರಿಯಾಗಿ ಬಾಗಿಲು ತೆಗೆಯುತ್ತಾನೆ. ಅದನ್ನು ಊರಿನ ಹಿರಿಯರೆಲ್ಲ ಸೇರಿ ಬಹಳ ಮೆಚ್ಚಿಕೊಂಡರು. ಮೆಚ್ಚಿಕೊಂಡು, ಪೂಜೆ ನಿಂತುಹೋಗಿದ್ದ ಇನ್ನೆರಡು ಗುಡಿಗಳ ಬೀಗದ ಕೈಯನ್ನೂ ಅವನ ಜನಿವಾರಕ್ಕೆ ಕಟ್ಟಿದರು. ಇದನ್ನು ಹೇಳಿದೆ.

"ಮತ್ತೆ ಸಂಬ್ಳ?"

"ಸಂಬಳ ಜಾಸ್ತಿ ಏನಿಲ್ಲಮ್ಮ. ದೇವರು ನೋಡ್ಕೋತಾನೆ ಅಂದರು."

ಅವಳು ಮಜ್ಜಿಗೆ ಮುಗಿಸಿ ಲೋಟ ಕೆಳಗಿಟ್ಟಳು. "ನಮ್ಗೆ ಎಚ್ಚಾರ್ ನೋಡ್ಕೋತಾರೆ ಅಂದ್ರು. ಇಬ್ರೂ ಕಣ್ಣಿಗೇ ಬೀಳಲ್ಲ ಬಿಡಿ."

೪. ಹತ್ತು ನಿಮಿಷದ ಬಡ್ತಿ

ಗೌಡರ ಮಂಡಿ ದಿನದಿನಕ್ಕೆ ಹದಗೆಡುತ್ತಿತ್ತು. ಸಂಜೆ ಬಸ್ಸಿನ ಮೆಟ್ಟಿಲು ಹತ್ತುವಾಗ ಎರಡೂ ಕೈಯಲ್ಲಿ ಕಂಬಿ ಹಿಡಿದು, ಒಂದು ನಿಮಿಷ ನಿಂತು, ಉಸಿರು ಬಿಟ್ಟು ಹತ್ತುತ್ತಿದ್ದರು. ನೋಡಲಾರದೆ ನಾನು ನಮ್ಮೂರ ಲಕ್ಷ್ಮೀನರಸಿಂಹಸ್ವಾಮಿಗೆ ಹರಕೆ ಹೊತ್ತೆ: ಗೌಡರಿಗೆ ಒಂದು ಕುರ್ಚಿ ಕೊಡಿಸಪ್ಪ, ಹನ್ನೊಂದು ಶನಿವಾರ ತುಪ್ಪದ ದೀಪ ಹಚ್ಚುತ್ತೇನೆ.

ಆಯುಧಪೂಜೆ ಬಂತು. ಕಾರ್ಖಾನೆಯಲ್ಲಿ ಅವತ್ತು ಪೂಜೆ ನನ್ನದೇ. ಕತ್ತರಿಯಿಂದ ಹಿಡಿದು ಕಂಪ್ಯೂಟರಿನವರೆಗೆ ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿ, ಕುಂಬಳಕಾಯಿ ಒಡೆಸುತ್ತ ಕೊನೆಗೆ ಬಾಯ್ಲರ್ ಮನೆಗೆ ಬಂದೆ. ಗೌಡರು ಬಾಯ್ಲರಿಗೆ ಚೆಂಡುಹೂವಿನ ಹಾರ ಹಾಕಿ ಮದುಮಗನ ಹಾಗೆ ಮಾಡಿದ್ದರು. ನಾನು ನರಸಿಂಹಸ್ವಾಮಿಯ ಪಟವನ್ನು ಒಂದು ಚಿಕ್ಕ ಮಣೆಯ ಮೇಲಿಟ್ಟೆ. ಸ್ಟೋರ್ಸಿನಲ್ಲಿ ಎತ್ತರದ ಸ್ಟೂಲು ಒಂದಿತ್ತು. ಗೊತ್ತಿದ್ದೂ ತರಲಿಲ್ಲ. ದೇವರು ಕ್ಷಮಿಸಲಿ.

ಎಚ್ಚಾರ್ ಸಾಹೇಬರು ಮಂಗಳಾರತಿಗೆ ಬಂದವರು ಬಗ್ಗಿ ನೋಡಿ ಹೌಹಾರಿದರು. "ಏನ್ರೀ ಇದು! ದೇವರನ್ನ ಇಷ್ಟು ಕೆಳಗೆ ಕೂರಿಸಿದ್ದೀರಾ?"

"ಈ ರೂಮಿಗೆ ಕುರ್ಚಿ ಇಲ್ಲ ಸರ್," ಎಂದೆ, ಆದಷ್ಟು ಮೆತ್ತಗೆ.

"ತಕ್ಷಣ ಒಂದು ಕೊಡಿ!"

ಕುರ್ಚಿ ಕೊಡಬೇಕಾದರೆ ಚೀಟಿ ಹರಿಯಬೇಕು. ಚೀಟಿಯಲ್ಲಿ ಉಪಯೋಗಿಸುವವರ ಹೆಸರು, ವಿಭಾಗ, ಗ್ರೇಡು. ಸುಳ್ಳು ಬರೆಯಬಾರದಲ್ಲ, ಹೆಸರಿನ ಮುಂದೆ "ಲಕ್ಷ್ಮೀನರಸಿಂಹಸ್ವಾಮಿ" ಎಂದು, ವಿಭಾಗದ ಮುಂದೆ "ಬಾಯ್ಲರ್" ಎಂದು ಬರೆದೆ. ಗ್ರೇಡಿನ ಜಾಗ ಖಾಲಿ ಬಿಟ್ಟೆ. ಸಾಹೇಬರು ಸಹಿ ಹಾಕಲು ಹೋಗಿ ನಿಂತರು.

"ಖಾಲಿ ಬಿಡಬೇಡ್ರೀ, ಆಡಿಟ್‌ನಲ್ಲಿ ಕೇಳ್ತಾರೆ," ಎಂದು ತಾವೇ ಪೆನ್ನು ತೆಗೆದು "ಸೀನಿಯರ್" ಎಂದು ಬರೆದು ಸಹಿ ಮಾಡಿದರು.

ಹತ್ತು ನಿಮಿಷದಲ್ಲಿ ಕುರ್ಚಿ ಬಂತು. ಕೈ ಇರುವ, ಬೆನ್ನಿಗೆ ದಿಂಬಿರುವ ಕುರ್ಚಿ. ಗೌಡರು ಇಪ್ಪತ್ತೆರಡು ವರ್ಷ ಕಾದ ಗ್ರೇಡು ನಮ್ಮ ಸ್ವಾಮಿಗೆ ಫಾರಂ ಕೂಡ ತುಂಬದೆ ಸಿಕ್ಕಿತು.

ಇನ್ನೇನು, ಪೂಜೆ ಮುಗಿದ ಮೇಲೆ ಕುರ್ಚಿ ಅಲ್ಲೇ ಉಳಿಯುತ್ತದೆ, ಗೌಡರು ಕೂರುತ್ತಾರೆ ಎಂದು ನನ್ನ ಲೆಕ್ಕ. ರಜೆ ಕಳೆದು ಬಂದವನು ಮೊದಲು ಬಾಯ್ಲರ್ ಮನೆಗೇ ಹೋದೆ. ಕುರ್ಚಿಯ ಮೇಲೆ ಸ್ವಾಮಿ ಹೊಸ ಹೂವು ಮುಡಿದು ಕೂತಿದ್ದ. ಪಕ್ಕದಲ್ಲಿ ಗೌಡರು ಊದಿದ ಮಂಡಿಯಲ್ಲಿ, ಮೊದಲಿಗಿಂತ ನೆಟ್ಟಗೆ ನಿಂತಿದ್ದರು.

"ಏನ್ ಗೌಡ್ರೆ! ಪಟ ಗೋಡೆಗೆ ಹಾಕಿ, ನೀವು ಕೂತ್ಕೊಳ್ಳಿ."

"ಏನ್ ಮಾತಾಡೀರಿ ಐನೋರೆ? ಕೂತಿರೋ ದೇವ್ರನ್ನ ಎಬ್ಬುಸ್ಬುಟ್ಟು ನಾನ್ ಕೂತ್ಕಳದಾ? ನೀವೇ ಇಂಗಂದ್ರೆ?"

"ನಿಮಗೋಸ್ಕರವೇ ತರಿಸಿದ ಕುರ್ಚಿ ಅದು."

"ಚೀಟೀಲಿ ಅವ್ರ ಎಸ್ರು ಐತಲ್ಲ. ಮ್ಯಾಲಾಗಿ ಅವ್ರು ಸೀನಿಯರ್ರು." ಆಮೇಲೆ ಮೆಲ್ಲಗೆ ಸೇರಿಸಿದರು: "ಮೊದ್ಲು ಡಬ್ಬದ್ ಮೇಲಾರ ಕೂತ್ಕತಿದ್ದೆ. ಈಗ ದೊಡ್ಡೋರ್ ಮುಂದೆ ಕಾಲ್ ಆಡ್ಸಕ್ಕೂ ಸಂಕೋಚ."

೫. ರಿಲೀವರ್

ಭಾನುವಾರ ಅಣ್ಣನ ಹತ್ತಿರ ಹೋಗಿ ಎಲ್ಲವನ್ನೂ ಹೇಳಿಕೊಂಡೆ. ಹರಕೆ ಸಂದಿತೋ ಇಲ್ಲವೋ ಎಂಬುದೂ ನನ್ನ ಪ್ರಶ್ನೆಯಾಗಿತ್ತು. ಅಣ್ಣ ದೀಪದ ಬತ್ತಿ ಹೊಸೆಯುತ್ತಲೇ ಕೇಳಿಸಿಕೊಂಡ.

"ನೀನು ಗೌಡರಿಗೆ ಕುರ್ಚಿ ಕೊಡು ಅಂದೆ. ಸ್ವಾಮಿ ತಾನೇ ಕೂತುಬಿಟ್ಟ. ಇನ್ನೂ ಸಂದಿಲ್ಲ."

"ಏನು ಮಾಡೋದು ಈಗ?"

"ನಮ್ಮ ಗುಡಿ ಬಾಗಿಲು ಮಧ್ಯಾಹ್ನ ಎಷ್ಟು ಹೊತ್ತಿಗೆ ಹಾಕ್ತೀವಿ?"

"ಹನ್ನೆರಡೂವರೆಗೆ."

"ಯಾಕೆ?"

"ಸ್ವಾಮಿ ವಿಶ್ರಾಂತಿ ತಗೋತಾನೆ. ಮತ್ತೆ ತೆಗೆಯೋದು ನಾಲ್ಕೂವರೆಗೆ."

"ಮತ್ತೆ? ನಮ್ಮ ಸ್ವಾಮಿಗೆ ಇಲ್ಲಿ ವಿಶ್ರಾಂತಿ ಬೇಕು, ಆ ಬೆಂಕಿ ಪಕ್ಕ ಬೇಡವಾ?"

ಸೋಮವಾರ ಗೌಡರಿಗೆ ಇದನ್ನು ವಿವರಿಸಿದೆ. ದೇವರನ್ನು ಎಬ್ಬಿಸುವುದು ತಪ್ಪು, ಸರಿ. ಆದರೆ ಹೊತ್ತಿಗೆ ಸರಿಯಾಗಿ ಮಲಗಿಸದಿರುವುದು ಇನ್ನೂ ದೊಡ್ಡ ತಪ್ಪಲ್ಲವೆ? ಗೌಡರು ತಲೆ ಕೆರೆದುಕೊಂಡು ಒಪ್ಪಿದರು. ಗೋಡೆಯ ಗೂಡಿನಲ್ಲಿ ಒಗೆದ ಟವಲು ಹಾಸಿದರು. ಹನ್ನೆರಡೂವರೆಗೆ ಕೈಮುಗಿದು ಪಟವನ್ನು ಎತ್ತಿ ಅಲ್ಲಿ ಮಲಗಿಸಿದರು. ಆಮೇಲೆ, ಕುರ್ಚಿಯ ಕೈ ಹಿಡಿದು, ಬಿಸಿ ನೀರಿಗೆ ಇಳಿಯುವವರ ಹಾಗೆ ಮೆಲ್ಲಗೆ ಕೂತರು. ಕೂತಲ್ಲಿಂದ ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜು ನೇರವಾಗಿ ಕಾಣುತ್ತಿತ್ತು. ಅವರ ಕಣ್ಣು ಅಲ್ಲೇ ಇತ್ತು. ಕಾಲು ಚಾಚಿದಾಗ ಮಾತ್ರ ಒಂದು ಕ್ಷಣ ಮುಚ್ಚಿತು.

ವಾರ ಬಿಟ್ಟು "ಹೇಗಿದೆ ಗೌಡ್ರೆ?" ಎಂದೆ.

"ನಮ್ದೀಗ ಸಿಫ್ಟು ಐನೋರೆ. ಬೆಳಿಗ್ಗೆ ಅವ್ರು, ಮದ್ಯಾನ ನಾನು." ಮುಖದ ತುಂಬ ನಗು. "ಇಪ್ಪತ್ತೆರಡ್ ವರ್ಸದಾಗೆ ನನ್ ಪಾಳಿ ಬಿಡ್ಸೋ ರಿಲೀವರ್ರು ಒಂದಿನಾನೂ ಟೈಮಿಗೆ ಬಂದೋನಲ್ಲ. ಇವ್ರು ನಾಕೂವರೆ ಅಂದ್ರೆ ನಾಕೂವರೆ."

೬. ಮಲಗಿದ್ದ ಸೀನಿಯರ್

ನಿವೃತ್ತಿಗೆ ನಾಲ್ಕು ತಿಂಗಳಿರುವಾಗ ಹೆಡ್ ಆಫೀಸಿನಿಂದ ಹಿರಿಯ ಅಧಿಕಾರಿಯೊಬ್ಬರು ಬಂದರು. ಕೈಯಲ್ಲಿ ಕಂಪನಿಯ ಸಾಮಾನಿನ ಪಟ್ಟಿ. ಒಂದೊಂದು ಮೇಜು, ಒಂದೊಂದು ಫ್ಯಾನು ತಾಳೆ ನೋಡುತ್ತ, ಮಧ್ಯಾಹ್ನ ಎರಡು ಗಂಟೆಗೆ ಬಾಯ್ಲರ್ ಮನೆಗೆ ನಡೆದರು. ಹಿಂದೆ ಎಚ್ಚಾರ್ ಸಾಹೇಬರು, ಅವರ ಹಿಂದೆ ರಿಜಿಸ್ಟರ್ ಹಿಡಿದು ನಾನು. ನನ್ನ ಬಾಯಲ್ಲಿ ನರಸಿಂಹನ ನಾಮ ಬಿಟ್ಟರೆ ಬೇರೇನಿಲ್ಲ.

ಗೌಡರು ಕುರ್ಚಿಯಿಂದ ಎದ್ದು ನಿಂತರು. ಅಧಿಕಾರಿ ಪಟ್ಟಿ ನೋಡಿದರು: ಬಾಯ್ಲರ್ ವಿಭಾಗ, ಸೀನಿಯರ್, ಕುರ್ಚಿ ಒಂದು. "ಈ ಕುರ್ಚಿ ನಿಮ್ಮದಾ?"

"ಅಲ್ಲ ಸಾ. ಸೀನಿಯರ್ರುದು."

"ಅವರೆಲ್ಲಿ?"

"ಮಲಗವ್ರೆ ಸಾ."

ಅಧಿಕಾರಿ ಗಡಿಯಾರ ನೋಡಿಕೊಂಡರು. "ಡ್ಯೂಟಿ ಟೈಮಲ್ಲಿ? ಎಬ್ಬಿಸಿ."

"ಎಬ್ಬುಸ್ಬಾರ್ದು ಸಾ. ನಾಕೂವರೆಗೆ ನಾನೇ ಎಬ್ಬುಸ್ತೀನಿ."

"ದಿನಾ ಮಲಗ್ತಾರಾ?"

"ದಿನಾ ಸಾ. ಇಲ್ಲಿ ಅಂತಲ್ಲ, ಅವ್ರ್ ಊರಲ್ಲೂ ಅಂಗೇಯ."

"ಅವರ ಕೆಲಸ ಯಾರು ಮಾಡ್ತಾರೆ ಮತ್ತೆ?"

"ಕೆಲ್ಸ ಎಲ್ಲಾ ಅವ್ರೇ ನೋಡ್ಕಳದು ಸಾ. ನಂದೇನೈತೆ, ವಾಲ್ವ್ ತಿರುಗ್ಸದು."

ಅಧಿಕಾರಿ ಕೆಂಪಗಾಗಿ ಎಚ್ಚಾರ್ ಸಾಹೇಬರ ಕಡೆ ತಿರುಗಿದರು. "ಇವತ್ತೇ ಅವರಿಗೆ ಮೆಮೊ ಕೊಡಿ!"

ಸಾಹೇಬರು ನನ್ನ ಕಡೆ ನೋಡಿದರು. ನಾನು ಮುಂದೆ ಹೋಗಿ ಗೂಡು ತೋರಿಸಿದೆ. ಬಿಳಿ ಟವಲಿನ ಮೇಲೆ, ಎದೆಯವರೆಗೆ ಶಲ್ಯ ಹೊದ್ದು, ತೊಡೆಯ ಮೇಲಿನ ಲಕ್ಷ್ಮಿಯ ಸಮೇತ ನಮ್ಮ ಸೀನಿಯರ್ ಮಲಗಿದ್ದರು.

ಅಧಿಕಾರಿ ಹತ್ತಿರ ಹೋಗಿ ನೋಡಿದರು. ಮೆಲ್ಲಗೆ ಬೂಟು ಬಿಚ್ಚಲು ಬಗ್ಗಿದರು.

"ಬೂಟು ಬಿಡಂಗಿಲ್ಲ ಸಾ," ಎಂದರು ಗೌಡರು. "ಇಲ್ಲಿ ಸೇಪ್ಟಿ ರೂಲ್ಸು."

ಅಧಿಕಾರಿ ನೆಟ್ಟಗಾಗಿ, ಬೂಟಿನಲ್ಲೇ ಕೈಮುಗಿದರು. ಆಮೇಲೆ ಗೌಡರನ್ನು ಕೇಳಿದರು: "ಎಷ್ಟು ವರ್ಷ ಆಯ್ತು ಇಲ್ಲಿ?"

"ಇಪ್ಪತ್ತೆರಡು ಮುಗೀತು ಸಾ."

"ಇಷ್ಟು ವರ್ಷದಲ್ಲಿ ಏನು ಮಾಡಿದ್ರಿ?"

ನಾನು ಕಣ್ಣು ಮುಚ್ಚಿಕೊಂಡೆ. ಬರುವ ಉತ್ತರ ನನಗೆ ಗೊತ್ತಿತ್ತು.

"ಏನೂ ಆಗ್ನಿಲ್ಲ ಸಾ."

ಆ ಅಧಿಕಾರಿ ಹಿಂದೆ ಕಾರ್ಖಾನೆಗಳಲ್ಲಿ ಎಂಜಿನಿಯರ್ ಆಗಿದ್ದವರಂತೆ. ಬಾಯ್ಲರು ಅಂದರೇನು ಎಂದು ಬಲ್ಲವರು. ಗೌಡರ ಮುಖ ನೋಡಿದರು, ಗಾಜಿನಲ್ಲಿ ನಿಂತ ನೀರಿನ ಮಟ್ಟ ನೋಡಿದರು. "ಒಂದು ಸಲವೂ?" ಎಂದರು. "ಒಂದ್ಸಲಾನೂ ಇಲ್ಲ ಸಾ," ಎಂದರು ಗೌಡರು. ಅಧಿಕಾರಿ ಪೆನ್ನು ತೆಗೆದು ಪಟ್ಟಿಯ ಅಂಚಿನಲ್ಲಿ ಎರಡು ಸಾಲು ಬರೆದುಕೊಂಡು ಹೋದರು.

ಎಂಟು ದಿನಕ್ಕೆ ಬಾಯ್ಲರ್ ಮನೆಗೆ ಇನ್ನೊಂದು ಕುರ್ಚಿ ಬಂತು, ಚೀಟಿಯಲ್ಲಿ ಗೌಡರ ಹೆಸರೇ ಬರೆದು. ಆ ಶನಿವಾರವೇ ನಾನು ಮೊದಲ ತುಪ್ಪದ ದೀಪ ಹಚ್ಚಿದೆ. ಗ್ರೇಡನ್ನೂ ಕೊಡಬೇಕೆಂದು ಆ ಪುಣ್ಯಾತ್ಮರು ಬರೆದಿದ್ದರಂತೆ. ಆದರೆ ಹೆಡ್ ಆಫೀಸಿನಲ್ಲಿ ಕುರ್ಚಿಗೆ ಒಬ್ಬರು, ಗ್ರೇಡಿಗೆ ಇನ್ನೊಬ್ಬರು. ಗ್ರೇಡಿನವರು ಬಾಯ್ಲರ್ ಮನೆ ನೋಡಿದವರಲ್ಲ, ಆ ಸಾಮಾನಿನ ಪಟ್ಟಿ ಮಾತ್ರ ನೋಡಿದವರು. ಅವರಿಂದ ಕಾಗದ ಬಂತು. ಎಚ್ಚಾರ್ ಸಾಹೇಬರು ಅದನ್ನು ನನ್ನ ಕೈಗಿತ್ತು, "ನೀವೇ ಹೇಳಿಬಿಡಿ ಐನೋರೆ, ನನ್ನ ಕೈಲಾಗಲ್ಲ," ಎಂದು ಹೊರಟುಹೋದರು.

ಬಾಯ್ಲರ್ ಮನೆಯಲ್ಲಿ ಎರಡು ಕುರ್ಚಿ ಅಕ್ಕಪಕ್ಕ. ಒಂದರಲ್ಲಿ ಸ್ವಾಮಿ, ಒಂದರಲ್ಲಿ ಗೌಡರು. ಕಾಗದ ಓದಿ ಹೇಳಿದೆ: "ಬಾಯ್ಲರ್ ವಿಭಾಗಕ್ಕೆ ಇರುವುದು ಒಂದೇ ಸೀನಿಯರ್ ಹುದ್ದೆ. ಅದು ಈಗಾಗಲೇ ಭರ್ತಿಯಾಗಿದೆ."

ನನಗೆ ತಲೆ ಎತ್ತಲಾಗಲಿಲ್ಲ. ಆ ಚೀಟಿ ಬರೆದ ಕೈ ನನ್ನದೇ. "ತಪ್ಪಾಯ್ತು ಗೌಡ್ರೆ. ನಿಮ್ಮ ಜಾಗಕ್ಕೆ ನಾನೇ ದೇವರನ್ನ ಕೂರಿಸಿಬಿಟ್ಟೆ."

ಗೌಡರು ಪಕ್ಕದ ಕುರ್ಚಿಯ ಕಡೆ ನೋಡಿದರು. ಸ್ವಾಮಿಯ ಪಟದಿಂದ ಜಾರಿದ್ದ ಹೂವನ್ನು ಎತ್ತಿ ಸರಿಯಾಗಿ ಮುಡಿಸಿದರು. ಆಮೇಲೆ ಕಾಲು ಚಾಚಿ, ಮಂಡಿ ನೀವಿಕೊಳ್ಳುತ್ತ ಹೇಳಿದರು:

"ಬುಡಿ ಐನೋರೆ, ಅದ್ಕ್ಯಾಕ್ ಬೇಜಾರು. ಇಪ್ಪತ್ತೆರಡ್ ವರ್ಸದಾಗೆ ಕಂಪ್ನೀಗೆ ಎಷ್ಟೋ ಜನ ಸೀನಿಯರ್ರು ಬಂದ್ರು, ಒಂಟೋದ್ರು. ಕೂತ್ಕೊಂಡು ನನ್ ಕೆಲ್ಸ ನೋಡಿದೋರು ಇವ್ರೊಬ್ರೇ."